ಹರಿದ ಮಂಡಿ, ಜಗಿದ ಕಾಲರು

ಹೊಲಿಗೆ ಅಂಗಡಿಯ ಮೇಲಿನ ಮನೆ,
ಶಾಲೆಯ ಎದುರು ರಸ್ತೆ.
ಹದಿನೇಳನೇ ತಾರೀಖು, ಶನಿವಾರ, ಊಟದ ನಂತರ.

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹಡಗು ಓಲಾಡಿದಾಗ ಹೊಟ್ಟೆ ತೊಳಸುವುದು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಗುಳಿಗೆ ಕೊಡಬೇಕಾದ ನರ್ಸಮ್ಮನೇ ಬಕೆಟ್ ತಬ್ಬಿಕೊಂಡು ಕೂತರೆ ಉಳಿದವರ ಗತಿಯೇನು ಎಂದು ನಿಮ್ಮಪ್ಪ ದಿನಕ್ಕೆರಡು ಸಲ ನಗುತ್ತಾರೆ. ನಕ್ಕಾದ ಮೇಲೆ ಗೋಡೆಯ ಭೂಪಟದ ಮುಂದೆ ಹೋಗಿ ನಿಂತು, ನನ್ನ ಅಳತೆಯ ಟೇಪು ಹಿಡಿದು, ನೀವು ಈಗ ಎಲ್ಲಿದ್ದೀರೆಂದು ನೋಡುತ್ತಾರೆ. ನಿನ್ನೆಯ ಅಳತೆಯ ಪ್ರಕಾರ ನೀವು ನಮ್ಮಿಂದ ಹನ್ನೊಂದೂವರೆ ಇಂಚು ದೂರ. ಅಳಿಯಂದಿರ ಬೆನ್ನು ಹೇಗಿದೆ? ಎಂಜಿನ್ ಕೋಣೆಯ ಕಾವಿನಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವವರು ಮಲಗುವಾಗಲಾದರೂ ನೆಟ್ಟಗೆ ಮಲಗಲಿ, ಅತ್ತೆ ಹೇಳಿದರು ಎನ್ನು. ನನ್ನ ಸೊಂಟ ಈ ಹಳೆಯ ಮಿಷನ್ನಿನ ಹಾಗೆ, ಶಬ್ದ ಮಾಡುತ್ತದೆ, ಕೆಲಸ ನಿಲ್ಲಿಸುವುದಿಲ್ಲ. ನಿನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಮುಂದಿನ ಹಲ್ಲೊಂದು ಬಿದ್ದಿದೆ, ಎತ್ತರವಾಗಿದ್ದಾಳೆಂದು ಹೋದ ತಿಂಗಳು ಪ್ಯಾಂಟಿನ ಅಂಚು ಬಿಚ್ಚಿ ಒಂದಿಂಚು ಇಳಿಸಿದ್ದೇನೆ. ಆರೋಗ್ಯದ ಸಮಾಚಾರ ಇಷ್ಟು. ಇನ್ನು ಮುಂದೆ ಬರೆಯುವುದೆಲ್ಲ ನನ್ನ ಸಿಟ್ಟು. ಎಲ್ಲಾದರೂ ಕೂತು ಓದು, ನಿಂತು ಓದಿ ಮುಗಿಸುವಷ್ಟು ಚಿಕ್ಕದಲ್ಲ.

ಮೊದಲು, ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ನೀವಿಬ್ಬರೂ ಹಡಗು ಹತ್ತಿದ ಮೇಲೆ ನಮ್ಮ ಗುಂಡುಸೂಜಿ ಶಾಲೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಳು. ಚುಚ್ಚಿದ ಕಡೆಯೇ ಇರುತ್ತಾಳೆಂದು ನಾನು ಮಗುವಿಗೆ ತಮಾಷೆಗೆ ಇಟ್ಟ ಹೆಸರು ಅದು, ಕೊನೆಗೆ ಅದೇ ನಿಜವಾಗಿ ಕೂತಿತು. ಮನೆಯಲ್ಲಿ ನಾಲ್ಕು ಮಾತಾದರೂ ಆಡುವಳು, ಗೇಟು ದಾಟಿದರೆ ಬಾಯಿಗೆ ಹೊಲಿಗೆ. ನಮ್ಮ ಅಂಗಡಿಯ ಕಿಟಕಿಗೆ ಶಾಲೆಯ ಅಂಗಳ ಪೂರ್ತಿ ಕಾಣುತ್ತದೆಂದು ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ಅಲ್ಲಿಂದಲೇ ನೀನು ನನಗೆ ಕೈ ಬೀಸುತ್ತಿದ್ದೆ. ಹನ್ನೊಂದರ ಬೆಲ್ಲಿಗೆ ಮಕ್ಕಳೆಲ್ಲ ಹೊರಗೆ ಓಡಿ ಬಂದರೆ ಇವಳು ನೇರ ನೀರಿನ ನಲ್ಲಿಯ ಹತ್ತಿರ ಹೋಗಿ ಕಂಬ ಹಿಡಿದು ನಿಲ್ಲುವಳು. ಇಪ್ಪತ್ತು ನಿಮಿಷವೂ ಅಲ್ಲೇ. ಬಿಡುವು ಎಂದರೆ ಆಗ ಹಾಗೇ ಇತ್ತೆನ್ನು. ದೊಡ್ಡ ತರಗತಿಯ ಐದಾರು ಪೈಲ್ವಾನರು ಇಡೀ ಅಂಗಳ ಹಿಡಿದುಕೊಂಡು ಚೆಂಡು ಒದೆಯುವರು. ಇಬ್ಬರು ನಾಯಕರಂತೆ ನಿಂತು "ನೀನು ಬಾ, ನೀನು ಬೇಡ" ಎಂದು ಆರಿಸುವರು. ಯಾರಿಗೂ ಬೇಡವಾದವರು ಗೋಡೆಗೆ ಒರಗುವರು. ದಿನಕ್ಕೊಂದು ಜಗಳ, ಒಂದು ಅಳು. ಇದನ್ನೆಲ್ಲ ನಿನಗೆ ಬರೆಯಲಿಲ್ಲ. ನೀರಿನ ಮಧ್ಯೆ ಇರುವವಳು ಓದಿ ಏನು ಮಾಡಿಯಾಳು, ಈಜಿಕೊಂಡು ಬರಲಾದೀತೇ ಎಂದುಕೊಂಡೆ.

ಅಷ್ಟರಲ್ಲಿ ಹೊಸ ಆಟದ ಮೇಷ್ಟ್ರು ಬಂದರು. ಉದ್ದ ಕಾಲಿನ, ಸಣ್ಣ ದನಿಯ ಮನುಷ್ಯ, ಸೀಟಿ ಊದುವುದು ಕಡಿಮೆ. ಬಂದ ವಾರವೇ ಅಂಗಳಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಈ ಮೂಲೆ ಹಗ್ಗದಾಟಕ್ಕೆ, ಆ ಮೂಲೆ ಕುಂಟಾಟಕ್ಕೆ, ನಡುವೆ ಓಡಿ ಮುಟ್ಟುವ ಆಟಕ್ಕೆ, ಚೆಂಡಿಗೆ ಹಿಂದಿನ ಗೋಡೆ ಎಂದು ಪಾಲು ಮಾಡಿಬಿಟ್ಟರು. ಒಂದು ದಿನ ಅಂಗಡಿಗೆ ಬಂದು, "ಅಮ್ಮಾ, ನಿಮ್ಮ ಹತ್ರ ಬೇಡವಾದ ಚೂರು ಬಟ್ಟೆ ಇದ್ರೆ ಕೊಡ್ತೀರಾ?" ಎಂದರು. ಹೊಲಿಯುವವಳ ಹತ್ತಿರ ಬೇರೇನಿರುತ್ತದೆ? ಕೆಂಪು, ಹಳದಿ, ಹಸಿರು ಎಂದು ಗೇಣುದ್ದದ ಪಟ್ಟಿ ಕತ್ತರಿಸಿ ಒಂದು ಚೀಲ ಹೊಲಿದುಕೊಟ್ಟೆ. ಮಕ್ಕಳು ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಬೇಕು, ಬಂದ ಬಣ್ಣವೇ ಅವರ ತಂಡ. ಯಾರೂ ಯಾರನ್ನೂ ಆರಿಸುವಂತಿಲ್ಲ, ಹಾಗಾಗಿ ಕೊನೆಗೆ ಉಳಿಯುವವರೇ ಇಲ್ಲ. ಔಟಾದವರು ಮೂಲೆಯಲ್ಲಿ ಕೂರುವುದಿಲ್ಲ, ಹತ್ತು ಸಲ ಜಿಗಿದು ಮತ್ತೆ ಆಟಕ್ಕೆ ಬರುತ್ತಾರೆ. ಜಗಳ ಬಂದರೆ ಟೀಚರ ಹತ್ತಿರ ಓಡುವ ಹಾಗಿಲ್ಲ, ಕಲ್ಲು-ಕಾಗದ-ಕತ್ತರಿ ಆಡಿ ಅಲ್ಲೇ ತೀರ್ಮಾನ. ಎಲ್ಲಕ್ಕಿಂತ ದೊಡ್ಡ ಕಾನೂನು ಒಂದಿತ್ತು. ಒಂಟಿಯಾಗಿ ನಿಂತವರು ಕಂಡರೆ ಹೋಗಿ "ಬರ್ತೀಯಾ?" ಎಂದು ಕೇಳಬೇಕು. ಬೇಡ ಎಂದರೆ ಎಳೆಯಬಾರದು, ಮುಖ ಊದಿಸಬಾರದು, ನಾಳೆ ಮತ್ತೆ ಕೇಳಬೇಕು. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡಬೇಕಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಓಡಾಟ ತಾನಾಗಿ ಬರುತ್ತದೆ, ಕೂಡಿ ಆಡುವುದನ್ನು ಮಾತ್ರ ಕೂತು ಕಲಿಸಬೇಕು ನೋಡು.

ಎರಡು ಜಡೆಯ ಹುಡುಗಿಯೊಬ್ಬಳು, ಇವಳದೇ ತರಗತಿ, ದಿನಾ ನಲ್ಲಿಯ ಹತ್ತಿರ ಹೋಗಿ ಕೇಳುತ್ತಿದ್ದಳು. ಇವಳು ತಲೆ ಅಲ್ಲಾಡಿಸುವಳು, ಆ ಹುಡುಗಿ ಹಾರಿಕೊಂಡು ವಾಪಸು ಹೋಗುವಳು. ಹತ್ತೊಂಬತ್ತು ದಿನ, ಮಗಳೇ. ಕಿಟಕಿಯಲ್ಲಿ ಕೂತು ನಾನು ಎಣಿಸಿದ್ದೇನೆ. ಇಪ್ಪತ್ತನೆಯ ದಿನ ನಮ್ಮ ಗುಂಡುಸೂಜಿ ಕಂಬ ಬಿಟ್ಟಳು. ಚೀಲಕ್ಕೆ ಕೈ ಹಾಕಿದಳು, ಹಸಿರು ಪಟ್ಟಿ ಬಂತು, ಅದನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡು ಓಡಿದಳು ನೋಡು, ಎಲ್ಲಿಗೆ ಓಡಬೇಕೆಂದು ಗೊತ್ತಿಲ್ಲ, ಸುಮ್ಮನೆ ಓಡಿದಳು. ಸುಣ್ಣದ ಗೆರೆಯ ಹತ್ತಿರ ಮುಗ್ಗರಿಸಿ ದಡಾರನೆ ಬಿದ್ದಳು. ಎದ್ದಳು, ಮಂಡಿ ನೋಡಿಕೊಂಡಳು, ಯಾರೋ ಹುಡುಗ "ನೀನು ಔಟು" ಎಂದಿರಬೇಕು, ಸೊಂಟಕ್ಕೆ ಕೈಯಿಟ್ಟು ಇಡೀ ಬೀದಿಗೆ ಕೇಳುವಂತೆ "ನಾನು ಔಟಲ್ಲ!" ಎಂದು ಕಿರುಚಿದಳು. ನಾಲ್ಕು ತಿಂಗಳ ಮೇಲೆ ಆ ಅಂಗಳದಲ್ಲಿ ಅವಳಾಡಿದ ಮೊದಲ ಮಾತು. ನಾನು ಪೆಡಲಿನಿಂದ ಕಾಲು ತೆಗೆಯುವುದನ್ನು ಮರೆತು ಯಾರದೋ ತೋಳಿಗೆ ಬೆನ್ನು ಸೇರಿಸಿ ಹೊಲಿದುಬಿಟ್ಟೆ. ನಿಮ್ಮಪ್ಪ ಕನ್ನಡಕ ಒರೆಸಿಕೊಂಡರು, ಧೂಳು ಎಂದರು. ಸಂಜೆ ಆ ಹರಿದ ನೀಲಿ ಪ್ಯಾಂಟಿಗೆ ತೇಪೆ ಹಾಕುವ ಮೊದಲು ಮಂಡಿಯ ಚೂರನ್ನು ಕತ್ತರಿಸಿ ತೆಗೆದೆ. ಪ್ರತಿ ಪತ್ರದಲ್ಲೂ ನಿನಗೆ ಅವಳ ಬಟ್ಟೆಯ ತುಂಡು ಇಡುತ್ತೇನಲ್ಲ, ಈ ಸಲ ಇದೇ ಎಂದು ಇಟ್ಟೆ. ಅಂಚೆಯವರು ಬಾಗಿಲಲ್ಲಿ ಕಾಯುತ್ತಿದ್ದುದರಿಂದ ಗಡಿಬಿಡಿಯಲ್ಲಿ ಎರಡೇ ಸಾಲು ಗೀಚಿದೆ. ಅದಕ್ಕೆ ನಿನ್ನ ಉತ್ತರ ಬಂತು, ಆದರೆ ಆ ತುಂಡಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಅಲ್ಲಿಂದ ಆರು ವಾರ ನಮ್ಮ ಮನೆಯಲ್ಲಿ ಬಾಯಿ ಮುಚ್ಚದ ಮಗುವಿತ್ತು. ಯಾರು ಹಗ್ಗಕ್ಕೆ ಸಿಕ್ಕಿಬಿದ್ದರು, ಯಾರು ಮೋಸ ಮಾಡಿದರು, ಎರಡು ಜಡೆಯವಳು ಏನು ಹೇಳಿದಳು, ಊಟದ ತಟ್ಟೆ ಒಣಗುವ ತನಕ ಇದೇ ಪುರಾಣ. ಇವಳೇ ಹೋಗಿ ಮೂರನೇ ತರಗತಿಯ ಒಬ್ಬ ಮಂಕುಮರಿಯನ್ನು "ಬರ್ತೀಯಾ?" ಎಂದು ಕೇಳಿದಳಂತೆ, ಅದನ್ನು ನನಗೆ ಮೂರು ಸಲ ಹೇಳಿದಳು. ಹೀಗಿರುವಾಗ, ಇವತ್ತಿಗೆ ಸರಿಯಾಗಿ ಹದಿನೆಂಟು ದಿನದ ಹಿಂದೆ, ಹನ್ನೊಂದರ ಬೆಲ್ಲು ಹೊಡೆಯಿತು, ಅಂಗಳಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಬಾಗಿಲಿಗೆ ಸರಪಳಿ. ವಿಚಾರಿಸಿದರೆ, ಯಾರೋ ಪೋಷಕರು ಶಾಲೆಗೆ ದೂರು ಬರೆದಿದ್ದಾರಂತೆ. ಮಕ್ಕಳನ್ನು ಕಾಡು ಕುದುರೆಗಳಂತೆ ಓಡಲು ಬಿಡುತ್ತಾರೆ, ಬಿದ್ದು ರಕ್ತ ಬರುತ್ತದೆ, ನಾಳೆ ತಲೆ ಒಡೆದರೆ ಜವಾಬ್ದಾರಿ ಯಾರದು ಎಂದು. ಹೆಡ್‌ಮಿಸ್ಸು ಹೆದರಿದರು. ಈಗ ನಡೆಯುವುದಕ್ಕೆ "ಶಾಂತ ಬಿಡುವು" ಎಂದು ಹೆಸರು. ಮಕ್ಕಳು ವರಾಂಡದ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತು ಡಬ್ಬಿ ತಿನ್ನಬೇಕು, ತಿಂದ ಮೇಲೆ ತುಟಿಯ ಮೇಲೆ ಬೆರಳು. ಎಂಟು ವರ್ಷದ ಮಕ್ಕಳು! ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ಕೂತ ಮುದುಕರಿಗಿಂತ ಕಡೆ. ಆಟದ ಮೇಷ್ಟ್ರನ್ನು ಪುಸ್ತಕದ ಕೋಣೆಯಲ್ಲಿ ರಿಜಿಸ್ಟರು ಬರೆಯಲು ಕೂರಿಸಿದ್ದಾರೆ. ನನ್ನ ಪಟ್ಟಿಯ ಚೀಲವನ್ನು ಜವಾನನ ಕೈಯಲ್ಲಿ ವಾಪಸು ಕಳಿಸಿದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಕೂತರೆ ಮಕ್ಕಳು ಶಾಂತರಾಗುತ್ತಾರೆಂದು ಯಾರು ಹೇಳಿದರೋ, ಅವರು ಒಂದು ವಾರ ನನ್ನ ಅಂಗಡಿಯಲ್ಲಿ ಕೂರಲಿ. ಈ ಬೀದಿಯ ಮಕ್ಕಳ ಬಟ್ಟೆ ನನ್ನ ಕೈ ದಾಟಿಯೇ ಹೋಗುವುದು. ಅಂಗಳದಲ್ಲಿ ಆಡುತ್ತಿದ್ದಾಗ ನನ್ನ ಹತ್ತಿರ ಬರುತ್ತಿದ್ದುದು ಮಂಡಿ. ಮಂಡಿ ಹರಿದರೆ ಮಗು ಓಡಿದೆ ಎಂದರ್ಥ, ತೇಪೆ ಹಾಕಿದರೆ ಮುಗಿಯಿತು. ಈಗ ಮಂಡಿ ಒಂದೂ ಇಲ್ಲ. ಬರುತ್ತಿರುವುದು ಕಿತ್ತ ಗುಂಡಿ, ಬಿಚ್ಚಿದ ಕಾಜ, ಹರಿದ ಜೇಬು. ಹದಿನೆಂಟು ದಿನದಲ್ಲಿ ನಲವತ್ತೊಂದು ಗುಂಡಿ ಹಚ್ಚಿದ್ದೇನೆ. ಓಡಿದರೆ ಗುಂಡಿ ಕಿತ್ತುಬರುವುದಿಲ್ಲ, ಯಾರೋ ಎದುರಿನಿಂದ ಕೈ ಹಾಕಿ ಎಳೆದರೆ ಮಾತ್ರ ಕಿತ್ತುಬರುತ್ತದೆ. ಸಾಲಿನಲ್ಲಿ ಪಕ್ಕದವರ ಮೊಣಕೈ ತಾಗಿತು, ಡಬ್ಬಿ ಮುಟ್ಟಿದ, ನೋಡಿದ, ನಕ್ಕ, ಇಷ್ಟಕ್ಕೇ ಕೈಕೈ ಮಿಲಾಯಿಸುತ್ತಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಓಡಿ ಕಳೆಯಬೇಕಾದದ್ದನ್ನು ಮೈಯೊಳಗೇ ಇಟ್ಟುಕೊಂಡು ಎಷ್ಟು ಹೊತ್ತು ಕೂತಾವು? ನಮ್ಮವಳ ಬಟ್ಟೆಯಲ್ಲಿ ಗುಂಡಿ ಎಲ್ಲ ಇದೆ. ಅವಳದು ಕಾಲರು. ತಲೆ ತಗ್ಗಿಸಿ ಕಾಲರಿನ ತುದಿ ಬಾಯಿಗೆ ಹಾಕಿಕೊಂಡು ಜಗಿಯುತ್ತಾಳೆ, ದಿನಾ ಒದ್ದೆಯಾಗಿ ಬರುತ್ತದೆ, ನೂಲು ನೂಲು ಎದ್ದಿದೆ. ನೋವು ಎನ್ನುವುದಿಲ್ಲ, ಬೇಜಾರು ಎನ್ನುವುದಿಲ್ಲ. ಮೊನ್ನೆಯಿಂದ ಊಟದ ಹೊತ್ತಿಗೂ ಮಾತಿಲ್ಲ. ಬರಿಯ ತಲೆಯಾಡಿಸುವುದು, ಮೊದಲಿನ ಹಾಗೇ. ಒಂದು ಸಲ ಕಷ್ಟಪಟ್ಟು ಹೊರಗೆ ಬಂದ ಮಗು, ಎರಡನೇ ಸಲ ಒಳಗೆ ಹೋದರೆ ಬರುತ್ತಾಳೋ ಇಲ್ಲವೋ ಎಂದು ನನಗೆ ಭಯವಾಗಿದೆ. ಭಯಕ್ಕೇ ಇಷ್ಟು ಸಿಟ್ಟು ಬಂದಿರುವುದು.

ಗುರುವಾರ ಪೋಷಕರ ಸಭೆ ಇತ್ತು. ಹೋದೆ. ನಿಮ್ಮಪ್ಪ ಬರುವುದಿಲ್ಲವೆಂದವರು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿದರು. ನಾನು ಎದ್ದು ನಿಂತು ಎರಡು ಮಾತು ಆಡುವಷ್ಟರಲ್ಲಿ ಔಷಧಿ ಅಂಗಡಿಯವರು, ನಿನಗೆ ಗೊತ್ತಲ್ಲ, ಕತ್ತು ಕಾಣದ ಹಾಗೆ ಮಫ್ಲರ್ ಸುತ್ತುವ ಮಹಾಶಯರು, ಕೂತಲ್ಲಿಂದಲೇ "ಬಟ್ಟೆ ಹರಿದ್ರೆ ತಾನೇ ಅಮ್ಮ ನಿಮ್ಗೆ ವ್ಯಾಪಾರ" ಎಂದರು. ನಾಲ್ಕು ಜನ ನಕ್ಕರು. ಮೂವತ್ತು ವರ್ಷದಿಂದ ಈ ಶಾಲೆಯ ಮಕ್ಕಳ ಮಂಡಿಗೆ ಪುಕ್ಕಟೆ ತೇಪೆ ಹಾಕಿದವಳು ನಾನು, ಆ ಮನುಷ್ಯನ ಮಂಡಿಗೂ ಹಾಕಿದ್ದೇನೆ, ಆಗ ಮೂಗು ಸುರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ! ಹೇಳಿಯೂಬಿಟ್ಟೆ. ಆಮೇಲೆ ಯಾರೂ ನಗಲಿಲ್ಲ. ಬಿಡುವಿನ ಹೊತ್ತನ್ನು ಲೆಕ್ಕ ಮಾಡಿಸಲು ಕೊಟ್ಟರೆ ಒಳ್ಳೆಯದು ಎಂದರು ಇನ್ನೊಬ್ಬರು, ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಬೇರೇನು ಮಾಡುತ್ತಾರೋ! ಕಿತ್ತ ಗುಂಡಿಗಳ ನೂಲನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟಿದ್ದೆ, ಅದನ್ನು ಹೆಡ್‌ಮಿಸ್ಸಿನ ಮೇಜಿನ ಮೇಲೆ ಸುರಿದು, ಇದು ನಿಮ್ಮ ಶಾಂತ ಬಿಡುವು ಎಂದೆ. ಆಗ ನಿಮ್ಮಪ್ಪ, ಸಭೆಯಲ್ಲಿ ಕೆಮ್ಮಲೂ ಹಿಂಜರಿಯುವ ಮನುಷ್ಯ, ಎದ್ದು ನಿಂತು "ನಮ್ ಮಗು ಬಿದ್ದಿದ್ದು ಒಂದೇ ದಿನ, ಎದ್ದಿದ್ದು ಆವತ್ತಿಂದ ದಿನಾ" ಎಂದು ಹೇಳಿ ಕೂತರು. ಆ ಒಂದು ಮಾತಿಗೆ ಇವರ ನಲವತ್ತು ವರ್ಷದ ಮೌನ ಮನ್ನಾ ಮಾಡಿದ್ದೇನೆ.

ಹೆಡ್‌ಮಿಸ್ಸು ಕೆಟ್ಟವರಲ್ಲ, ಹೆದರಿದವರು. ಸಭೆ ಮುಗಿದ ಮೇಲೆ ನನ್ನನ್ನು ಒಳಗೆ ಕರೆದು, ಫೈಲು ಬಿಚ್ಚಿ ತಾರೀಖು ನೋಡಿ ಹೇಳಿದರು. ಬಂದಿರುವುದು ಒಂದೇ ದೂರು, ಆದರೆ ಬಹಳ ಖಾರವಾಗಿದೆ, ಮೇಲಿನವರಿಗೂ ಬರೆಯುತ್ತೇನೆ ಎಂದಿದೆ. ಬರೆದವರು ಯಾರೆಂದು ಹೇಳುವಂತಿಲ್ಲ. ಮುಂದಿನ ತಿಂಗಳ ಹತ್ತನೇ ತಾರೀಖು ಆಡಳಿತ ಮಂಡಳಿ ಕೂರುತ್ತದೆ, ಅಷ್ಟರೊಳಗೆ ಆ ಪೋಷಕರೇ ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟರೆ ಮಾರನೆಯ ದಿನವೇ ಸರಪಳಿ ತೆಗೆಸುತ್ತಾರಂತೆ. ಇಲ್ಲದಿದ್ದರೆ ವರ್ಷ ಪೂರ್ತಿ ವರಾಂಡವೇ ಗತಿ, ಆಟದ ಮೇಷ್ಟ್ರಿಗೆ ಬೇರೆ ಶಾಲೆ. ಈಗ ನೀನೇ ಹೇಳು, ದೂರು ಬರೆಯುವ ಮೊದಲು ಆ ಪುಣ್ಯಾತ್ಮರು ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? ಬಿದ್ದ ಮಗು ಅತ್ತಿತೋ ನಕ್ಕಿತೋ ವಿಚಾರಿಸಬಾರದಿತ್ತೇ? ಎಲ್ಲೋ ಕೂತು ಒಂದು ಹನಿ ರಕ್ತ ಕಂಡು ಇನ್ನೂರು ಮಕ್ಕಳ ಕಾಲು ಕಟ್ಟಿ ಹಾಕುವುದು ಯಾವ ಸೀಮೆಯ ಪ್ರೀತಿ? ಪ್ರೀತಿಯೇ ಇರಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕಿದರೆ ಎಂಥ ಒಳ್ಳೆಯ ಬಟ್ಟೆಯೂ ಹಾಳಾಗುತ್ತದೆ ಎಂದು ನನ್ನ ಮಗಳಾಗಿ ನಿನಗೆ ಹೇಳಬೇಕಾಗಿಲ್ಲ.

ಸಿಟ್ಟಿನಲ್ಲಿ ಕೈ ಓಡಿ ಮೂರು ಹಾಳೆಯಾಯಿತು. ನೀವಿಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ, ಗಾಳಿಗೆ ಕಿವಿ ಮುಚ್ಚಿಕೊಳ್ಳಿ. ಅಳಿಯಂದಿರಿಗೆ ನನ್ನ ಆಶೀರ್ವಾದ, ನಿಮ್ಮಪ್ಪನದು ಇಬ್ಬರಿಗೂ. ಗುಂಡುಸೂಜಿ ಪಕ್ಕದಲ್ಲೇ ಕೂತು ದಾರದ ಉಂಡೆ ಸುತ್ತುತ್ತಿದ್ದಾಳೆ. ಅಮ್ಮನಿಗೆ ಏನು ಬರೆಯಲಿ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. ಅವಳು ಬರೆದದ್ದು ಇಷ್ಟೇ ಎಂದುಕೋ. ನೂರು ಕಾಲ ಸುಖವಾಗಿರು, ಬೇಗ ದಡ ಸೇರು.

ನಿನ್ನ
ಅಮ್ಮ

ಮರೆತಿದ್ದು: ಮರೆತಿದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೆಡ್‌ಮಿಸ್ಸು ಫೈಲು ಬಿಚ್ಚಿದಾಗ ದೂರಿನ ಮೂಲೆಗೆ ಪಿನ್ನು ಚುಚ್ಚಿದ ಒಂದು ಚೂರು ಬಟ್ಟೆ ಕಂಡಿತು. ನೀಲಿ, ನಡುವೆ ಕಂದು ಕಲೆ, ಸುತ್ತ ಹಲ್ಲುಹಲ್ಲಾದ ಅಂಚು, ಒಂದು ಕಡೆ ಒಂದು ಹಲ್ಲು ಇಲ್ಲ. ನೀನು ಹತ್ತು ವರ್ಷದವಳಿದ್ದಾಗ ನನ್ನ ಹಲ್ಲಿನ ಕತ್ತರಿಯನ್ನು ಮೆಟ್ಟಿಲ ಮೇಲೆ ಬೀಳಿಸಿ ಹಲ್ಲು ಮುರಿದದ್ದು ನೆನಪಿದೆಯೇ? ಆವತ್ತಿನಿಂದ ಆ ಕತ್ತರಿ ಹಾಗೇ ಕತ್ತರಿಸುತ್ತದೆ, ಊರಿನಲ್ಲಿ ಇನ್ನೊಂದಿಲ್ಲ. ಯಾರೋ ಪೋಷಕರು ಎಂದು ಬರೆಯುತ್ತಾ ಬಂದದ್ದೆಲ್ಲ ಗೊತ್ತಿದ್ದೇ ಬರೆದದ್ದು. ನಿನ್ನನ್ನು ಎದುರಿಗೆ ನಿಲ್ಲಿಸಿ ಬೈಯಲು ಆಗುವುದಿಲ್ಲವಲ್ಲ, ಹೀಗೆ ಬೈದೆ. ತಪ್ಪು ನನ್ನದೂ ಇದೆ. ನಲ್ಲಿಯ ಕಂಬದ ಸುದ್ದಿ ಮುಚ್ಚಿಟ್ಟು, "ನಿನ್ನ ಮಗಳು ಇವತ್ತು ಬಿದ್ದಳು, ನಮಗೆ ಹಿಡಿಸಲಾರದ ಸಂತೋಷ" ಎಂದು ಎರಡು ಸಾಲು ಬರೆದು ರಕ್ತದ ಬಟ್ಟೆ ಇಟ್ಟರೆ ಯಾವ ತಾಯಿಗೆ ತಲೆ ಕೆಡುವುದಿಲ್ಲ? ಅದೂ ಮಕ್ಕಳ ವಾರ್ಡಿನಲ್ಲಿ ನಾಲ್ಕು ವರ್ಷ ಒಡೆದ ತಲೆಗಳಿಗೆ ಪಟ್ಟಿ ಸುತ್ತಿದವಳಿಗೆ. ಅಮ್ಮನಿಗೆ ಅರಳುಮರಳು ಎಂದುಕೊಂಡು ನನ್ನನ್ನು ಬಿಟ್ಟು ಶಾಲೆಗೇ ಬರೆದಿರಬೇಕು. ಹೆಡ್‌ಮಿಸ್ಸಿಗೆ ನಾನು ಕಂಡದ್ದು ಗೊತ್ತಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ, ಮಗುವಿಗೆ ಎಂದೆಂದಿಗೂ ಗೊತ್ತಾಗಬಾರದು. ಶಾಲೆಯ ವಿಳಾಸ ಬರೆದ ಲಕೋಟೆ ಇದರಲ್ಲೇ ಇದೆ, ನಾಲ್ಕು ಸಾಲು ಬರೆದು ಸಹಿ ಮಾಡಿ ಮೊದಲ ಬಂದರಿನಲ್ಲೇ ಅಂಚೆಗೆ ಹಾಕು, ಹತ್ತನೇ ತಾರೀಖು ದೂರವಿಲ್ಲ. ಬರೆಯುವ ಮೊದಲು ಈ ಸಲದ ಬಟ್ಟೆಯ ತುಂಡು ಕೈಯಲ್ಲಿ ಹಿಡಿದುಕೊಂಡು ನೋಡು. ಅವಳ ಬಿಳಿ ಅಂಗಿಯ ಕಾಲರು, ಶುಕ್ರವಾರದ್ದು, ಒಗೆಯದೆ ಇಟ್ಟಿದ್ದೇನೆ. ಇದರಲ್ಲಿ ಒಂದು ಹನಿ ರಕ್ತವೂ ಇಲ್ಲ. ಹೆದರುವುದಿದ್ದರೆ ಇದಕ್ಕೆ ಹೆದರು, ಮಗಳೇ.